ಸಿಲ್ವರ್ ಓಕ್ ಯಾಕೆ ಅಗ್ಗ?

ಭಾನುವಾರ ಬೆಳಗ್ಗೆ ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು ಬಜಾರಿನ ಕಡೆ ನಡೆದರೆ, ರಸ್ತೆ ಮೇಲೇ ಗೋಣಿತಾಟು ಹಾಸಿ ಹಳೇ ಸಾಮಾನು ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ಕೆಟ್ಟ ಮಿಕ್ಸಿ, ಒಂಟಿ ಶೂ, ಪೈಪ್ ಪಾನ, ಸುತ್ತಿಗೆ. ನನ್ನ ಮೊದಲ ಉಳಿ ಸಿಕ್ಕಿದ್ದು ಅಲ್ಲೇ. 150 ರೂಪಾಯಿ. ತುಕ್ಕು ಹಿಡಿದಿತ್ತು. ಮರದ ಹಿಡಿಯ ಮೇಲೆ ಯಾರೋ ಕಾದ ಕಬ್ಬಿಣದಲ್ಲಿ ‘ಶಿ’ ಅಂತ ಸುಟ್ಟು ಬರೆದಿದ್ದರು.

‘ಯಾರದಣ್ಣ ಇದು?’ ಅಂದೆ.

‘ಯಾರೋ ಆಚಾರ್ರದ್ದು ಸಾರ್, ಪೆಟ್ಟಿಗೆ ಸಮೇತ ಬಂತು. ಮಗನಿಗೆ ಈ ಕೆಲಸ ಬೇಡ್ವಂತೆ.’

ಉಳಿ ಆಯ್ತು, ಮರ ಬೇಕಲ್ಲ? ಮುಂದಿನ ಶನಿವಾರ ಮೈಸೂರು ರಸ್ತೆಯ ಕಡೆ ಒಂದು ಟಿಂಬರ್ ಯಾರ್ಡಿಗೆ ಹೋಗಿ, ಪುಟ್ಟ ಪೆಟ್ಟಿಗೆ ಮಾಡಬೇಕು, ತೇಗ ಕೊಡಿ ಅಂದೆ. ರೇಟ್ ಕೇಳಿ ಮಾತೇ ಹೊರಡಲಿಲ್ಲ. ಅಲ್ಲಿದ್ದ ವಯಸ್ಸಾದ ಯಜಮಾನರು ನನ್ನ ಮುಖ ನೋಡಿ ನಕ್ಕರು. ‘ಕೈ ಪಳಗಿಸೋಕೆ ಟೀಕ್ ಯಾಕಪ್ಪಾ? ಸಿಲ್ವರ್ ತಗೊಂಡು ಹೋಗು. ಕೆಟ್ಟರೂ ಹೊಟ್ಟೆ ಉರಿಯಲ್ಲ.’

ತೇಗ ನಮ್ಮದೇ ಕಾಡಿನ ಮರ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು. ಮನೆಯ ಮರ ದುಬಾರಿ, ಪರದೇಶಿ ಮರ ಅಗ್ಗ. ಇದೆಂಥ ಲೆಕ್ಕ? ಸಿಲ್ವರ್ ಬೇಗ ಬೆಳೆಯುತ್ತೆ, ತೇಗದಷ್ಟು ಬಾಳಿಕೆ ಬರಲ್ಲ ಅನ್ನೋದು ಅರ್ಧ ಉತ್ತರ. ಇನ್ನರ್ಧಕ್ಕೆ ಸುಮಾರು 200 ವರ್ಷ ಹಿಂದಕ್ಕೆ ಹೋಗಬೇಕು.

ಮರಕ್ಕೆ ‘ಇದು ಸರ್ಕಾರದ್ದು’ ಅಂತ ಮುದ್ರೆ ಒತ್ತುವ ಅಭ್ಯಾಸ ನಮ್ಮಲ್ಲಿ ಹಳೆಯದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಅಂತ ಘೋಷಿಸಿದ. ಅವನ ನಂತರ ಬಂದ ಇಂಗ್ಲಿಷರ ಕಣ್ಣು ತೇಗದ ಮೇಲೆ ಬಿತ್ತು. ಅವರಿಗೆ ಬೇಕಿದ್ದದ್ದು ಹಡಗು. ತೇಗದಲ್ಲಿ ಎಣ್ಣೆಯ ಅಂಶ ಇರೋದರಿಂದ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಅನ್ನೋ ಯುದ್ಧನೌಕೆ ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ.

ಹಡಗಿಗೆ ಮರ ಒದಗಿಸೋಕೆ ಅಂತಲೇ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬುವವನನ್ನು ಮಲಬಾರಿನ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದರು. ‘ಸಂರಕ್ಷಕ’ ಅಂದ್ರೆ ತೇಗ ಕಂಪನಿಗೇ ಸೇರುವಂತೆ ನೋಡಿಕೊಳ್ಳೋನು. ಜಮೀನ್ದಾರರು, ರೈತರು, ಮರದ ವ್ಯಾಪಾರಿಗಳು ಎಲ್ಲರೂ ಸಿಟ್ಟಾದರು. ಕೊನೆಗೆ 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಬೇಕಾಯ್ತು. ಮುಂದೆ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಶುರು ಮಾಡಿದ. ಸಸಿ ಬೆಳೆಸಿ ಅದನ್ನು ನಿಜಕ್ಕೂ ಸಾಧ್ಯ ಮಾಡಿದವರು ಚಾತು ಮೆನನ್. ನಿಲಂಬೂರು ಅನ್ನೋ ಹೆಸರು ನೆನಪಿರಲಿ, ಮತ್ತೆ ಬರುತ್ತೆ.

ಆಮೇಲೆ ರೈಲು ಬಂತು. ಹಳಿಯ ಕೆಳಗೆ ಹಾಸೋಕೆ ಮರದ ದಿಮ್ಮಿ ಬೇಕು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದದ್ದು. ಕಾಡಿನ ದೊಡ್ಡ ಪಾಲು ‘ರಿಸರ್ವ್’ ಆಯ್ತು. ಅಲ್ಲಿಯವರೆಗೆ ನೇಗಿಲಿಗೆ, ಮನೆಯ ತೊಲೆಗೆ ಕಾಡಿನಿಂದ ಮರ ತರುತ್ತಿದ್ದವನು ಇದ್ದಕ್ಕಿದ್ದಂತೆ ಕಳ್ಳನಾದ. 1930ರಲ್ಲಿ ಉತ್ತರ ಕನ್ನಡದ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದರಲ್ಲ, ಅದರ ಹಿಂದೆ ಇದೇ ಸಂಕಟ ಇತ್ತು.

ಸ್ವಾತಂತ್ರ್ಯ ಬಂದರೂ ಮರದ ಮಾಲೀಕತ್ವದ ತಕರಾರು ಮುಗಿಯಲಿಲ್ಲ. ಕೊಡಗಿನ ಕಾಫಿ ತೋಟಗಳನ್ನೇ ನೋಡಿ. ಅಲ್ಲಿ ‘ರಿಡೀಮ್ಡ್’, ‘ಅನ್‌ರಿಡೀಮ್ಡ್’ ಅಂತ ಎರಡು ಬಗೆಯ ಜಮೀನು. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿರದಿದ್ದರೆ ಅದು ಅನ್‌ರಿಡೀಮ್ಡ್. ಭೂಮಿ ನಿಮ್ಮದು, ಕಾಫಿ ನಿಮ್ಮದು, ನಡುವೆ ನಿಂತ ಬೀಟೆ ಮಾತ್ರ ಸರ್ಕಾರದ್ದು. ಅದು ತಾನಾಗಿ ಹುಟ್ಟಿದ್ದರೂ ಅಷ್ಟೇ, ನಿಮ್ಮಜ್ಜ 60 ವರ್ಷ ಕಾಪಾಡಿದ್ದರೂ ಅಷ್ಟೇ.

ಈಗ ನೀವೇ ಆ ತೋಟದ ಮಾಲೀಕರು ಅಂದುಕೊಳ್ಳಿ. ಕಾಫಿಗೆ ನೆರಳು ಬೇಕೇ ಬೇಕು. ಬೀಟೆ ಸಸಿ ಚಿಗುರಿದರೆ ಬಿಡ್ತೀರಾ, ಕೀಳ್ತೀರಾ? ದೊಡ್ಡದಾದರೆ ಕಡಿಯುವ ಹಾಗಿಲ್ಲ, ಮಾರುವ ಹಾಗಿಲ್ಲ, ಕಳ್ಳರು ಕಡಿದರೆ ವಿಚಾರಣೆ ಬೇರೆ. ಪಕ್ಕದಲ್ಲೇ ಸಿಲ್ವರ್ ಓಕ್ ಇದೆ. 19ನೇ ಶತಮಾನದಲ್ಲಿ ಪ್ಲಾಂಟರುಗಳು ನೆರಳಿಗೆ ಅಂತ ತಂದದ್ದು. ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯೋಕೆ ಅನುಮತಿ ಬೇಡದ ಮರಗಳ ಒಂದು ಚಿಕ್ಕ ಪಟ್ಟಿ ಇದೆ. ತೆಂಗು, ನೀಲಗಿರಿ, ಗಾಳಿ ಮರ, ಸುಬಾಬುಲ್ ಇವುಗಳ ಜೊತೆ ಸಿಲ್ವರ್ ಓಕ್ ಮತ್ತು ರಬ್ಬರ್ ಕೂಡ ಅದರಲ್ಲಿವೆ. ಮಗಳ ಮದುವೆಗೆ, ಕಾಫಿ ರೇಟ್ ಬಿದ್ದ ವರ್ಷಕ್ಕೆ ಹತ್ತು ಮರ ಮಾರಬಹುದು. ಹಾಗಾಗಿ ತೋಟಗಳ ತುಂಬ ಸಿಲ್ವರ್ ನಿಂತಿತು.

ನನ್ನ ಪೆಟ್ಟಿಗೆಯ ಹಲಗೆ ಅಗ್ಗವಾದ ಗುಟ್ಟಿನಲ್ಲಿ ದೊಡ್ಡ ಪಾಲು ಇದೇ. ಕಾಪಾಡಬೇಕು ಅಂತ ಮಾಡಿದ ಕಾನೂನು, ಆ ಮರವನ್ನು ಬೆಳೆಸುವವನಿಗೇ ಹೊರೆ ಮಾಡಿತು. ನಿಯಮವೇ ಇಲ್ಲದಿದ್ದರೆ ದೊಡ್ಡ ಬೀಟೆಗಳು ಎಂದೋ ಲಾರಿ ಹತ್ತಿರುತ್ತಿದ್ದವು ಅನ್ನೋದೂ ಸುಳ್ಳಲ್ಲ. ಆದರೆ ನಿಂತ ಮರವನ್ನು ಉಳಿಸೋದು ಬೇರೆ, ಮುಂದಿನ ಸಸಿಗೆ ಜಾಗ ಸಿಗೋ ಹಾಗೆ ಮಾಡೋದು ಬೇರೆ. ಎರಡನೆಯದರಲ್ಲಿ ನಾವು ಸೋತಿದ್ದೇವೆ.

ಯಾರ್ಡಿನಲ್ಲಿ ಸಿಗುವ ಇನ್ನೊಂದು ಅಗ್ಗದ ಮರ ರಬ್ಬರ್. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70 ಸಾವಿರ ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ ಬಂದವು. ಕೇರಳದ ಪೆರಿಯಾರ್ ದಡದಲ್ಲಿ 1902ರಲ್ಲಿ ತೋಟ ಎದ್ದಿತು. ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ ಇನ್ನೊಂದು ಕಥೆ ಇದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಲಂಕೆಯಿಂದ ವಾಪಸ್ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ, ನೆಲೆ ಕೊಟ್ಟರು. ರಬ್ಬರ್ ಮರ 25–30 ವರ್ಷ ಹಾಲು ಕೊಟ್ಟು ಸುಸ್ತಾದ ಮೇಲೆ ಕಡಿಯುತ್ತಾರೆ. ಮೊದಲೆಲ್ಲ ಅದು ಸೌದೆ. ಹುಳ, ಬೂಷ್ಟು ಎರಡೂ ಬೇಗ ಹಿಡಿಯುತ್ತಿತ್ತು. ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣವನ್ನು ಒತ್ತಡದಲ್ಲಿ ಮರದೊಳಗೆ ತುಂಬಿಸಿ ಒಣಗಿಸೋದು ರೂಢಿಯಾದ ಮೇಲೆ ಪೀಠೋಪಕರಣದ ಮರವಾಯ್ತು. ಈಗ ತುಂಡು ತುಂಡು ಸೇರಿಸಿ ಅಂಟಿಸಿದ ಹಲಗೆಯಾಗಿ ಸಿಗುತ್ತೆ.

ಮೂರನೆಯದು ಪ್ಯಾಲೆಟ್ಟಿನ ಪೈನ್. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಯಂತ್ರಗಳನ್ನು ಹೊತ್ತು ತಂದು ಗುಜರಿಗೆ ಬೀಳುವ ಮರ. ಕೊಳ್ಳುವ ಮುಂಚೆ ಮುದ್ರೆ ನೋಡಿ. ಪ್ಯಾಕಿಂಗ್ ಮರದ ಜೊತೆ ಹುಳುಗಳು ದೇಶ ಬದಲಿಸಬಾರದು ಅಂತ 2002ರಲ್ಲಿ ಒಂದು ಅಂತರರಾಷ್ಟ್ರೀಯ ನಿಯಮ ಬಂತು. ‘ಎಚ್‌ಟಿ’ ಅಂತಿದ್ದರೆ ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ ಅಂತ ಅರ್ಥ. ‘ಎಂಬಿ’ ಅಂದರೆ ಮಿಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಯಿಸಿದ್ದು. ಅದನ್ನು ಮನೆಗೆ ತರಬೇಡಿ.

ತೇಗಕ್ಕೆ ವಾಪಸ್ ಬರೋಣ. 1995ರಲ್ಲಿ ಗುಡಲೂರಿನ ಕಾಡು ಬೋಳಾಗ್ತಿದೆ ಅಂತ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಸುಪ್ರೀಂ ಕೋರ್ಟಿಗೆ ಹೋದರು. ಅವರು ಅದೇ ನಿಲಂಬೂರಿನ ಅರಸು ಮನೆತನದವರು. 1996ರ ಡಿಸೆಂಬರ್ 12ರಂದು ಕೋರ್ಟ್, ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯಬಾರದು ಅಂದಿತು. ಕಾಡು ಒಂದಷ್ಟು ಉಸಿರಾಡಿತು, ಯಾರ್ಡುಗಳು ವಿದೇಶದ ಕಡೆ ತಿರುಗಿದವು. 2014ರಲ್ಲಿ ಮ್ಯಾನ್ಮಾರ್ ಕೂಡ ದಿಮ್ಮಿ ರಫ್ತು ನಿಲ್ಲಿಸಿತು. ಈಗ ನಮ್ಮ ಯಾರ್ಡುಗಳಲ್ಲಿ ಘಾನಾ ತೇಗ, ಈಕ್ವೆಡಾರ್ ತೇಗ ಸಿಗುತ್ತೆ. ಮಲಬಾರಿನಿಂದ ಹಡಗಾಗಿ ಹೋದ ಮರ ಆಫ್ರಿಕಾದಿಂದ ಹಲಗೆಯಾಗಿ ಬರ್ತಿದೆ.

ಹಾಗಾದ್ರೆ ನಮ್ಮ ಮರ ನಮಗೆ ಎಟುಕೋದೇ ಇಲ್ವಾ? ಎಟುಕುತ್ತೆ, ಸೆಕೆಂಡ್ ಹ್ಯಾಂಡ್ ಆಗಿ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಬಾಗಿಲು, ಕಿಟಕಿ, ತೊಲೆ ಎಲ್ಲ ಹಳೇ ಮರದ ಅಂಗಡಿಗೆ ಬರುತ್ತವೆ. ಬಣ್ಣ ಕೆರೆದರೆ ಒಳಗೆ ತೇಗ, ಹೊನ್ನೆ, ಮತ್ತಿ. ದಶಕಗಳ ಕಾಲ ಒಣಗಿದ ಮರ, ಸೊಟ್ಟಗಾಗೋ ಭಯ ಕಡಿಮೆ. ಆದರೆ ಗರಗಸ ಇಡೋ ಮುಂಚೆ ಅಯಸ್ಕಾಂತ ಆಡಿಸಿ, ಒಳಗೆ ಮೊಳೆ ಇರ್ತವೆ.

ಉಪಕರಣಕ್ಕೂ ಇದೇ ದಾರಿ. ಹೊಸ ಸೆಟ್ ಬೇಕಾದರೆ ಎಸ್.ಜೆ.ಪಿ. ರಸ್ತೆ ಇದೆ. ಆದರೆ ಶುರು ಮಾಡೋಕೆ ಎರಡು ಉಳಿ, ಒಂದು ಕೊಡತಿ, ಒಂದು ಉಜ್ಜುಗೊರಡು, ಒಂದು ಗರಗಸ ಸಾಕು. ಹಳೇ ಉಳಿ ನೋಡುವಾಗ ಚಪ್ಪಟೆ ಬೆನ್ನು ನೋಡಿ. ಮೇಲ್ಮೇಲಿನ ತುಕ್ಕು ಹೋಗುತ್ತೆ, ಅಂಚಿನ ಹತ್ತಿರ ಆಳವಾದ ಗುಳಿ ಇದ್ದರೆ ಬಿಟ್ಟುಬಿಡಿ. ಗ್ರೈಂಡರಿಗೆ ಒತ್ತಿ ಹಿಡಿಯಬೇಡಿ. ಅಂಚು ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಯ್ತು ಅಂತ.

ನನ್ನ ಉಳಿಯನ್ನು ಸಾಣೆ ಹಿಡಿಯೋಕೆ ಎರಡು ಸಂಜೆ ಬೇಕಾಯ್ತು. ಪೆಟ್ಟಿಗೆಗೆ ನಾಲ್ಕು ವಾರ. ಸಿಲ್ವರ್ ಓಕಿನ ಹಲಗೆಯನ್ನು ಸರಿಯಾದ ದಿಕ್ಕಿನಲ್ಲಿ ಸೀಳಿಸಿದರೆ ಮೈಮೇಲೆ ಕಸೂತಿ ಹಾಕಿದಂಥ ಚುಕ್ಕೆಗಳು ಕಾಣುತ್ತವೆ, ಅದನ್ನು ಆ ಯಜಮಾನರೇ ತೋರಿಸಿಕೊಟ್ಟರು. ಮೂಲೆಗಳ ಬೆಸುಗೆಯಲ್ಲಿ ಸಂದು ಉಳಿದಿದೆ, ಮುಚ್ಚಳ ಒಂದು ಕಡೆ ಏಳುತ್ತೆ. ಪರವಾಗಿಲ್ಲ.

‘ಶಿ’ ಅನ್ನೋರು ಶಿವಣ್ಣಾಚಾರ್ರೋ ಶಿವಲಿಂಗಾಚಾರ್ರೋ ಗೊತ್ತಿಲ್ಲ. ಅವರು ಈ ಉಳಿಯಲ್ಲಿ ಬಾಗಿಲು ಮಾಡಿ ಸಂಸಾರ ಸಾಕಿದ್ದಾರೆ. ನಾನು ಆಫೀಸಿನ ಸುಸ್ತು ಕಳೆಯೋಕೆ ಹಿಡಿದಿದ್ದೇನೆ. ಅದರಲ್ಲಿ ಸ್ವಲ್ಪ ನಾಚಿಕೆಯೂ ಇದೆ. ಹೊಸ ಹಿಡಿ ಹಾಕಿಸಿ ಅಂತ ಒಬ್ಬ ಗೆಳೆಯ ಹೇಳಿದ. ಹಳೇದನ್ನೇ ಇಟ್ಟುಕೊಂಡೆ, ಅಕ್ಷರ ಅಳಿಸದ ಹಾಗೆ ಸ್ವಲ್ಪ ಎಣ್ಣೆ ಸವರಿ.