ಉಕ್ಕಿನ ಕಾಲು, ಅಂಟಿನ ರೆಕ್ಕೆ

ಹವ್ಯಾಸಕ್ಕಾಗಿ ಮನೆಯಲ್ಲಿಯೇ ವಿಮಾನ ಕಟ್ಟಿಕೊಳ್ಳುವವರೂ ಇದ್ದಾರೆಂದು ತರಗತಿಯಲ್ಲಿ ಹೇಳಿದಾಗ ನಿಮ್ಮಲ್ಲಿ ಹಲವರು ನಕ್ಕದ್ದುಂಟು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬುವರು ಇಂಥವರಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. 1970ರಿಂದ ಅದರ ದೊಡ್ಡ ಮೇಳ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಪಟ್ಟಣದಲ್ಲಿ ನಡೆಯುತ್ತ ಬಂದಿದೆ. ಅಲ್ಲಿಯ ವಿಮಾನ ನಿಲ್ದಾಣ ಸ್ಟೀವ್ ವಿಟ್‌ಮನ್ ಅವರ ಹೆಸರನ್ನು ಹೊತ್ತಿದೆ. ಇಂದು ಅವರ ಕಥೆಯನ್ನು ಹೇಳುತ್ತೇನೆ.

ವಿಟ್‌ಮನ್ ಹುಟ್ಟಿದ್ದು 1904ರಲ್ಲಿ. ಬಾಲ್ಯದ ಕಾಯಿಲೆಯಿಂದ ಒಂದು ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಆದರೂ ಅವರು ವಿಮಾನ ಹಾರಿಸಲು ಕಲಿತರು, ಸ್ಪರ್ಧೆಗಳಿಗೆಂದು ತಾವೇ ವಿಮಾನಗಳನ್ನು ಕಟ್ಟಿದರು, 1931ರಿಂದ 1969ರವರೆಗೆ ಆಷ್‌ಕಾಷ್ ನಿಲ್ದಾಣದ ವ್ಯವಸ್ಥಾಪಕರಾಗಿದ್ದರು.

ಅಂದಿನ ಅನೇಕ ಚಿಕ್ಕ ವಿಮಾನಗಳ ಲ್ಯಾಂಡಿಂಗ್ ಗೇರ್, ಅಂದರೆ ಚಕ್ರ ಹೊತ್ತ ಕಾಲುಗಳು, ಕೊಳವೆ, ಕೀಲು ಮತ್ತು ರಬ್ಬರ್ ಹುರಿಗಳಿಂದ ಕೂಡಿದ ಜಟಿಲ ರಚನೆಗಳಾಗಿದ್ದವು. ರಬ್ಬರ್ ಹಳತಾಗುತ್ತದೆ, ಕೀಲು ಸವೆಯುತ್ತದೆ. ವಿಟ್‌ಮನ್ ಅವೆಲ್ಲವನ್ನೂ ತೆಗೆದುಹಾಕಿ, ಹದಗೊಳಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನೇ ಕಾಲಾಗಿ ಬಳಸಿದರು. ನೆಲ ಮುಟ್ಟಿದಾಗ ಅದು ಬಾಗುತ್ತದೆ, ಭಾರ ಇಳಿದಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ನಾನು ನಿಮಗೆ ಪಾಠ ಮಾಡಿದ ಸ್ಥಿತಿಸ್ಥಾಪಕತೆಯೇ ಅದು. ಸೆಸ್ನಾ ಕಂಪನಿ ಈ ಉಪಾಯದ ಹಕ್ಕು ಪಡೆದು 1946ರಲ್ಲಿ ಮಾರುಕಟ್ಟೆಗೆ ಬಂದ ತನ್ನ 120 ಮತ್ತು 140 ವಿಮಾನಗಳಲ್ಲಿ ಅಳವಡಿಸಿತು. ಮುಂದೆ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ರೂಪಿಸಿದ ಆರ್‌ವಿ ಮಾದರಿಗಳಲ್ಲಿ ಬಹಳಷ್ಟಕ್ಕೆ ವಿಟ್‌ಮನ್ ರೀತಿಯ ಉಕ್ಕಿನ ಸರಳುಗಳೇ ಕಾಲುಗಳಾದವು. ಹವ್ಯಾಸಿಗಳು ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಆರ್‌ವಿಗಳನ್ನು ಕಟ್ಟಿ ಹಾರಿಸಿದ್ದಾರೆ.

ನಮ್ಮ ಬೆಂಗಳೂರಿಗೂ ಈ ಪರಂಪರೆಯ ನಂಟಿದೆ. ಇಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1980ರ ದಶಕದಲ್ಲಿ ಬರ್ಟ್ ರುಟಾನ್ ಅವರ ಲಾಂಗ್-ಈಜೀ ಎಂಬ ಹವ್ಯಾಸಿ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನವನ್ನು ನಿರ್ಮಿಸಿತು. ಲಾಂಗ್-ಈಜೀ ವಿಮಾನದ ಹಿಂದಿನ ಎರಡು ಚಕ್ರಗಳನ್ನು ಹೊರುವುದು ಗಾಜಿನ ನಾರಿನ ಒಂದೇ ಬಿಲ್ಲು. ವಸ್ತು ಬೇರೆಯಾದರೂ ತತ್ತ್ವ ಅದೇ.

ಹಾಗೆಂದು ಕಾಲಿನ ತೊಂದರೆಗಳು ತೀರಿಹೋದವೆಂದಲ್ಲ. ಬಾಲದಲ್ಲಿ ಚಕ್ರವಿರುವ ವಿಮಾನದ ಗುರುತ್ವ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಕೈಗಾಡಿಯನ್ನು ಎಳೆದರೆ ಅದು ನೆಟ್ಟಗೆ ಹಿಂಬಾಲಿಸುತ್ತದೆ, ಹಿಂದಿನಿಂದ ತಳ್ಳಿದರೆ ಮೂತಿ ಪಕ್ಕಕ್ಕೆ ಹೊರಳುತ್ತದೆ. ಹಾಗೆಯೇ, ಇಳಿದ ವಿಮಾನ ತುಸು ಓರೆಯಾದರೂ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಅದನ್ನು ಗಿರ್ರನೆ ತಿರುಗಿಸಿಬಿಡುತ್ತದೆ. ಕಾಲು ಮಡಚಿಕೊಳ್ಳುತ್ತದೆ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಮೂತಿಯಲ್ಲಿ ಚಕ್ರವಿಟ್ಟರೆ ಈ ಭಯ ಕಡಿಮೆ, ಆದರೆ ಬೇರೊಂದು ಭಯ ಎದುರಾಗುತ್ತದೆ. ಆರ್‌ವಿಗಳ ಮೂತಿಚಕ್ರದ ಕವಲು ಮೆತ್ತನೆಯ ಹುಲ್ಲುನೆಲದಲ್ಲಿ ಹೂತು, ಕಾಲು ಹಿಂದಕ್ಕೆ ಬಾಗಿ, ವಿಮಾನ ಮಗುಚಿದ ಉದಾಹರಣೆಗಳಿವೆ. ಆದ್ದರಿಂದಲೇ ಕಂಪನಿ 2007ರಲ್ಲಿ ನೆಲದಿಂದ ಹೆಚ್ಚು ಎತ್ತರದಲ್ಲಿರುವ ಕವಲನ್ನು ಹೊರತಂದಿತು.

ಗಮನಿಸಿ, ಕಾಲಿನ ದೋಷ ಬಹುಮಟ್ಟಿಗೆ ನೆಲದ ಮೇಲೆ, ಕಡಿಮೆ ವೇಗದಲ್ಲಿ ಹೊರಬೀಳುತ್ತದೆ. ಬಿರುಕು ಬಿಟ್ಟ ಬೋಲ್ಟಿನ ರಂಧ್ರವನ್ನೋ, ಓರೆಯಾಗಿ ಸವೆದ ಟೈರನ್ನೋ ಬಗ್ಗಿ ನೋಡಿದರೆ ಕಾಣಬಹುದು. ಹಾನಿಯಾದರೂ ಸಾಮಾನ್ಯವಾಗಿ ಪ್ರೊಪೆಲ್ಲರ್ ಮುರಿಯುತ್ತದೆ, ಮನುಷ್ಯ ಎದ್ದು ಬರುತ್ತಾನೆ. ರೆಕ್ಕೆಯ ಒಳಗಿನ ದೋಷಕ್ಕೆ ಈ ಕರುಣೆಯಿಲ್ಲ.

1995ರ ಏಪ್ರಿಲ್ 27ರಂದು, 91ರ ವಯಸ್ಸಿನ ವಿಟ್‌ಮನ್ ತಮ್ಮ ಪತ್ನಿಯೊಡನೆ ಫ್ಲಾರಿಡಾದ ಒಕಾಲಾದಿಂದ ಆಷ್‌ಕಾಷ್‌ಗೆ ಹೊರಟಿದ್ದರು. ವಿಮಾನ ಅವರೇ ಕಟ್ಟಿದ್ದು. ಅಲಬಾಮಾದ ಮೇಲೆ ಅದು ಆಕಾಶದಲ್ಲಿಯೇ ಮುರಿದುಬಿತ್ತು. ಇಬ್ಬರೂ ಉಳಿಯಲಿಲ್ಲ. ರೆಕ್ಕೆಯ ಪ್ಲೈವುಡ್ಡಿಗೆ ಹೊದಿಸಿದ ಬಟ್ಟೆ ಸರಿಯಾಗಿ ಅಂಟಿಕೊಂಡಿರಲಿಲ್ಲವೆಂದೂ, ಅದು ಬಿಟ್ಟುಕೊಂಡು ರೆಕ್ಕೆ ಅಂಕೆಮೀರಿ ಅದುರಿ ಮುರಿಯಿತೆಂದೂ ತನಿಖೆಯಲ್ಲಿ ತಿಳಿದುಬಂತು.

ಏಳು ದಶಕ ಹಾರಿದ ಅನುಭವಿಯ ಜೀವ ಹೋದದ್ದು, ಅವರು ಲೋಕಕ್ಕೆ ಕೊಟ್ಟ ಕಾಲಿನಿಂದಲ್ಲ. ಬಣ್ಣದಡಿ ಅಡಗಿದ್ದ ಅಂಟಿನಿಂದ. ಇದನ್ನು ಓದಿದಾಗ ನನಗೆ ಬಹಳ ಖೇದವಾಯಿತು. ಅನುಭವ ಹೆಚ್ಚಿದಂತೆ ನಮ್ಮ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವ ಅವಕಾಶ ಕಡಿಮೆಯಾಗುತ್ತ ಹೋಗುತ್ತದೆ. ಹಿರಿಯರನ್ನು ಪ್ರಶ್ನಿಸಲು ಕಿರಿಯರು ಸಂಕೋಚಪಡುತ್ತಾರೆ.

ಪೊಬೆರೆಜ್ನಿಯವರ ಸಂಘದಲ್ಲಿ ಇದಕ್ಕೊಂದು ಏರ್ಪಾಡಿದೆ. ಅನುಭವಿ ಸ್ವಯಂಸೇವಕರು ಕಟ್ಟುವವರ ಮನೆಗೇ ಹೋಗಿ, ಹೊದಿಕೆ ಮುಚ್ಚುವ ಮೊದಲು ಒಳಗಿನ ಕೆಲಸವನ್ನು ನೋಡಿ ಸಲಹೆ ಕೊಡುತ್ತಾರೆ. ನಿಮ್ಮಲ್ಲಿ ಸೇತುವೆ ಕಟ್ಟುವವರಿದ್ದೀರಿ, ಔಷಧ ಕೊಡುವವರಿದ್ದೀರಿ, ಲೆಕ್ಕ ಬರೆಯುವವರಿದ್ದೀರಿ. ಮುಚ್ಚುವ ಮೊದಲು ಒಮ್ಮೆ ಇನ್ನೊಬ್ಬರನ್ನು ಕರೆದು ತೋರಿಸಿ. ಕರೆಸಿಕೊಂಡವರು ನಿಮಗಿಂತ ಕಿರಿಯರಾದರೂ ಚಿಂತೆಯಿಲ್ಲ.