ಕೂರ್ಸ್ ಲೈಟ್ ಬಿಯರಿನ ಪ್ರಾದೇಶಿಕ ಮಾರಾಟ ಮತ್ತು ವಿತರಣೆ

ಕೂರ್ಸ್ ಲೈಟ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲರಾಡೊ ರಾಜ್ಯದ ಗೋಲ್ಡನ್ ಪಟ್ಟಣದಲ್ಲಿರುವ ಕೂರ್ಸ್ ಸಂಸ್ಥೆಯು 1978ರಲ್ಲಿ ಮಾರುಕಟ್ಟೆಗೆ ತಂದ ಲಘು ಬಿಯರ್. ಇದರಲ್ಲಿ ಮದ್ಯಸಾರದ ಪ್ರಮಾಣ ಶೇಕಡಾ 4.2. ಪ್ರಷ್ಯಾದಿಂದ ವಲಸೆ ಬಂದ ಅಡಾಲ್ಫ್ ಕೂರ್ಸ್ ಪಾಲುದಾರನೊಬ್ಬನೊಡನೆ 1873ರಲ್ಲಿ ಆರಂಭಿಸಿದ ಈ ಸಂಸ್ಥೆಯ ವ್ಯಾಪಾರವು ಸುಮಾರು ನೂರು ವರ್ಷ ದೇಶದ ಪಶ್ಚಿಮ ಭಾಗಕ್ಕೇ ಸೀಮಿತವಾಗಿತ್ತು.

ಪಶ್ಚಿಮದ ಎಲ್ಲೆ

ಈ ಸೀಮಿತತೆಗೆ ಮುಖ್ಯ ಕಾರಣ ತಯಾರಿಕೆಯ ವಿಧಾನ. 1959ರಿಂದ ಸಂಸ್ಥೆಯು ಬಿಯರನ್ನು ಕಾಯಿಸಿ ಪಾಶ್ಚರೀಕರಿಸುವ ಬದಲು ಸೂಕ್ಷ್ಮವಾಗಿ ಸೋಸಿ ತುಂಬತೊಡಗಿತು. ಅಂಥ ಬಿಯರನ್ನು ಕಾರ್ಖಾನೆಯಿಂದ ಅಂಗಡಿಯವರೆಗೂ ತಂಪಾಗಿಯೇ ಸಾಗಿಸಬೇಕು. ತಯಾರಾಗುತ್ತಿದ್ದುದಾದರೋ ಗೋಲ್ಡನ್ ಒಂದರಲ್ಲಿಯೇ. 1970ರ ದಶಕದ ಆರಂಭದಲ್ಲಿ ಅದು ದೊರೆಯುತ್ತಿದ್ದುದು 11 ರಾಜ್ಯಗಳಲ್ಲಿ ಮಾತ್ರ. ಸಿಗದ ವಸ್ತುವಿಗೆ ಬೆಲೆ ಹೆಚ್ಚು ಎಂಬಂತೆ, ಪೂರ್ವದ ರಾಜ್ಯಗಳಲ್ಲಿ ಅದರ ಕೀರ್ತಿ ಜಾಹೀರಾತಿಲ್ಲದೆಯೇ ಬೆಳೆಯಿತು. ಪ್ರವಾಸಿಗಳು ಪೆಟ್ಟಿಗೆಗಟ್ಟಲೆ ಹೊತ್ತು ಒಯ್ಯುತ್ತಿದ್ದರು. 1977ರ 'ಸ್ಮೋಕಿ ಅಂಡ್ ದ ಬ್ಯಾಂಡಿಟ್' ಚಲನಚಿತ್ರದ ಕಥೆಯೇ ಟೆಕ್ಸಾಸಿನಿಂದ ಜಾರ್ಜಿಯಾಕ್ಕೆ 400 ಪೆಟ್ಟಿಗೆ ಕೂರ್ಸ್ ಬಿಯರನ್ನು ಕದ್ದು ಸಾಗಿಸುವುದು.

ವಿತರಕರು ಮತ್ತು ನ್ಯಾಯಾಲಯ

1933ರಲ್ಲಿ ಪಾನನಿರೋಧ ರದ್ದಾದ ಬಳಿಕ ಅಮೆರಿಕದ ಬಹುತೇಕ ರಾಜ್ಯಗಳು ತಯಾರಕ, ಸಗಟು ವಿತರಕ, ಚಿಲ್ಲರೆ ವ್ಯಾಪಾರಿ ಎಂಬ ಮೂರು ಹಂತಗಳನ್ನು ಬೇರ್ಪಡಿಸಿದವು. ಕೂರ್ಸ್ ತನ್ನ ವಿತರಕರಿಗೆ ನಿಗದಿತ ಪ್ರದೇಶಗಳನ್ನು ಹಂಚಿ, ಬೆಲೆಯ ಮೇಲೂ ಹಿಡಿತವಿಟ್ಟುಕೊಂಡಿತ್ತು. ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪ್ರಶ್ನಿಸಿ ಹೊರಡಿಸಿದ ಆದೇಶವನ್ನು 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಮುಂದೆ ಹಲವು ರಾಜ್ಯಗಳು ಬಿಯರ್ ವಿತರಣೆಯಲ್ಲಿ ಪ್ರದೇಶ ಹಂಚಿಕೆಯನ್ನು ಕಾನೂನಿನಿಂದಲೇ ವಿಧಿಸಿದ್ದು ಗಮನಾರ್ಹ.

ಲಘು ಬಿಯರಿನ ಪ್ರವೇಶ

1975ರಲ್ಲಿ ಮಿಲ್ಲರ್ ಸಂಸ್ಥೆಯ 'ಲೈಟ್' ದೇಶದಾದ್ಯಂತ ಮಾರಾಟಕ್ಕೆ ಬಂದು ಯಶಸ್ವಿಯಾಯಿತು. ಕೂರ್ಸ್ ತನ್ನ ಮೂಲ ಬಿಯರನ್ನೇ ಬಹುಕಾಲದಿಂದ 'ಅಮೆರಿಕದ ಉತ್ತಮ ಲಘು ಬಿಯರ್' ಎಂದು ಕರೆದುಕೊಳ್ಳುತ್ತಿತ್ತು. ಅಲ್ಲಿ 'ಲಘು' ಎಂಬುದು ಕ್ಯಾಲೊರಿಯನ್ನು ಕುರಿತದ್ದಲ್ಲ. ಮೂರು ವರ್ಷಗಳ ನಂತರ ಬಂದ ಕೂರ್ಸ್ ಲೈಟ್ ಬೆಳ್ಳಿಬಣ್ಣದ ಡಬ್ಬಿಯಿಂದಾಗಿ 'ಸಿಲ್ವರ್ ಬುಲೆಟ್' ಎಂದು ಹೆಸರಾಯಿತು.

ಬಹಿಷ್ಕಾರ

ಹೊಸ ಬಿಯರ್ ಬಂದ ಕಾಲ ಸಂಸ್ಥೆಗೆ ಅನುಕೂಲಕರವಾಗಿರಲಿಲ್ಲ. 1977ರ ಏಪ್ರಿಲಿನಲ್ಲಿ ಗೋಲ್ಡನ್ನಿನ ಕಾರ್ಮಿಕರು ಮುಷ್ಕರ ಹೂಡಿದರು. ಕೆಲಸಕ್ಕೆ ಸೇರುವವರನ್ನು ಸುಳ್ಳುಪತ್ತೆ ಯಂತ್ರದಿಂದ ಪರೀಕ್ಷಿಸುವ ಪದ್ಧತಿಗೆ ತೀವ್ರ ವಿರೋಧವಿತ್ತು. ಎಎಫ್‌ಎಲ್-ಸಿಐಒ ಕಾರ್ಮಿಕ ಒಕ್ಕೂಟ ಸಾರಿದ ಬಹಿಷ್ಕಾರ 1987ರವರೆಗೆ ನಡೆಯಿತು. ನೇಮಕಾತಿಯಲ್ಲಿ ತಾರತಮ್ಯವಿದೆಯೆಂದು ಮೆಕ್ಸಿಕನ್ ಮೂಲದವರ ಸಂಘಟನೆಗಳು ಅದಕ್ಕೂ ಮೊದಲೇ ಪ್ರತಿಭಟಿಸಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಲಿಂಗಿ ಸಮುದಾಯದ ಪಾನಗೃಹಗಳು ಕೂರ್ಸ್ ಬಿಯರನ್ನೇ ಕೈಬಿಟ್ಟವು. ಹಾರ್ವೆ ಮಿಲ್ಕ್ ಈ ಚಳವಳಿಯಲ್ಲಿ ಪಾಲ್ಗೊಂಡಿದ್ದರು. ಕ್ಯಾಲಿಫೋರ್ನಿಯಾ ಸಂಸ್ಥೆಯ ಬಹುಮುಖ್ಯ ಮಾರುಕಟ್ಟೆಯಾಗಿದ್ದುದರಿಂದ ಈ ಪೆಟ್ಟು ಸಣ್ಣದಾಗಿರಲಿಲ್ಲ.

ಪೂರ್ವದತ್ತ ವಿಸ್ತರಣೆ

ಹಳೆಯ ನೆಲೆ ಕುಗ್ಗುತ್ತಿದ್ದಾಗ ಹೊಸ ರಾಜ್ಯಗಳಿಗೆ ಹೋಗುವುದು ಅನಿವಾರ್ಯವಾಯಿತು. 1980ರ ದಶಕದಲ್ಲಿ ಸಂಸ್ಥೆಯು ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಹಂತಹಂತವಾಗಿ ವಿಸ್ತರಿಸಿತು. 1987ರಲ್ಲಿ ವರ್ಜೀನಿಯಾದ ಎಲ್ಕ್‌ಟನ್ ಬಳಿ ಘಟಕವೊಂದು ಆರಂಭವಾಯಿತು. ಅಲ್ಲಿ ಮೊದಲು ನಡೆಯುತ್ತಿದ್ದುದು ತಯಾರಿಕೆಯಲ್ಲ: ಗೋಲ್ಡನ್ನಿನಿಂದ ರೈಲಿನಲ್ಲಿ ಬಂದ ಗಾಢ ಬಿಯರಿಗೆ ನೀರು ಬೆರೆಸಿ ಡಬ್ಬಿಗಳಿಗೆ ತುಂಬುವ ಕೆಲಸ. 1991ರಲ್ಲಿ ಇಂಡಿಯಾನಾ ಸೇರುವುದರೊಂದಿಗೆ 50 ರಾಜ್ಯಗಳಲ್ಲಿಯೂ ಕೂರ್ಸ್ ಲಭ್ಯವಾಯಿತು. ಈ ಹೊತ್ತಿಗೆ ಮೂಲ ಬಿಯರಿಗಿಂತ ಕೂರ್ಸ್ ಲೈಟ್ ಹೆಚ್ಚು ಮಾರಾಟವಾಗುತ್ತಿತ್ತು. 2008ರಲ್ಲಿ ಮಿಲ್ಲರ್‌ಕೂರ್ಸ್ ಎಂಬ ಜಂಟಿ ಉದ್ಯಮ ಕಾರ್ಯಾರಂಭ ಮಾಡಿದಾಗ, ಅದುವರೆಗೆ ಪ್ರತಿಸ್ಪರ್ಧಿಗಳಾಗಿದ್ದ ಮಿಲ್ಲರ್ ಲೈಟ್ ಮತ್ತು ಕೂರ್ಸ್ ಲೈಟ್ ಅಮೆರಿಕದಲ್ಲಿ ಒಂದೇ ಆಡಳಿತದಡಿ ಬಂದವು.