ಕೋಡಿಯ ಆಕಾರ, ಅಣೆಕಟ್ಟಿನ ಆಯುಸ್ಸು

ಕೆರೆ ತುಂಬಿದರೆ ಕೋಡಿ ಹರಿಯಬೇಕು. ಕೋಡಿ ಸಾಲದಿದ್ದರೆ ಏರಿ ಒಡೆಯುತ್ತದೆ. ನಮ್ಮ ಹಿರಿಯರು ಅನುಭವದಿಂದ ಅರಿತಿದ್ದ ಈ ಮಾತು ದೊಡ್ಡ ಅಣೆಕಟ್ಟುಗಳಿಗೂ ಅನ್ವಯಿಸುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ನದಿಯ ಎರಡನೇ ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣಕ್ಕೆ ನೀರು ನುಗ್ಗಿತು. ಅದರ ಕೋಡಿಯನ್ನು ಸೆಕೆಂಡಿಗೆ ಸುಮಾರು 5,660 ಘನ ಮೀಟರ್ ನೀರಿಗೆಂದು ಕಟ್ಟಲಾಗಿತ್ತು. ಬಂದ ಪ್ರವಾಹ 16,000 ಘನ ಮೀಟರಿಗೂ ಹೆಚ್ಚೆಂದು ಅಂದಾಜಿಸಲಾಯಿತು. ನೀರು ಇಕ್ಕೆಲದ ಮಣ್ಣಿನ ಏರಿಗಳ ಮೇಲೆ ಉಕ್ಕಿ ಹರಿದು ಅವನ್ನು ಕೊಚ್ಚಿಹಾಕಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು.

ಹಾಗಾದರೆ ಕೋಡಿಯೊಂದು ಎಷ್ಟು ನೀರನ್ನು ಸಾಗಿಸಬಲ್ಲದು? ಈ ಲೆಕ್ಕಕ್ಕೆ ತಳಹದಿ ಹಾಕಿದವರು ಇಟಲಿಯ ಜೊವಾನ್ನಿ ಪೊಲೇನಿ; ಅವರ ಗ್ರಂಥ 1717ರಲ್ಲಿ ಪ್ರಕಟವಾಯಿತು. ಕೋಡಿಯ ಉದ್ದ ಇಮ್ಮಡಿಯಾದರೆ ಹರಿವೂ ಇಮ್ಮಡಿಯಾಗುತ್ತದೆ. ಕೋಡಿಯ ಮೇಲಿನ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಸುಮಾರು 2.8 ಪಟ್ಟಾಗುತ್ತದೆ. ಆದರೆ ನೀರನ್ನು ಎತ್ತರಕ್ಕೇರಲು ಬಿಟ್ಟರೆ ಏರಿಗೇ ಅಪಾಯ.

ಮೂರನೆಯ ಅಂಶವೇ ಆಕಾರ. 1880ರ ದಶಕದಲ್ಲಿ ಫ್ರಾನ್ಸಿನ ಹೆನ್ರಿ ಬಾಜಿನ್, ತೆಳು ಅಂಚಿನಿಂದ ಧುಮುಕುವ ನೀರಿನ ಬಾಗನ್ನು ಅಳೆದರು. ಅದೇ ಬಾಗಿನಂತೆ ಕಾಂಕ್ರೀಟಿನ ನೆತ್ತಿಯನ್ನು ರೂಪಿಸಿದಾಗ 'ಓಜಿ' ಕೋಡಿ ಹುಟ್ಟಿತು. ಅಗಲವಾದ ಚಪ್ಪಟೆ ಕೋಡಿಗೆ ಸೂತ್ರದಲ್ಲಿ ಬಳಸುವ ಗುಣಾಂಕ ಸುಮಾರು 1.7, ಓಜಿಗೆ ಸುಮಾರು 2.2. ಅಂದರೆ ಉದ್ದವೂ ಎತ್ತರವೂ ಅಷ್ಟೇ ಇದ್ದರೂ ಹೆಚ್ಚುಕಡಿಮೆ ಶೇಕಡಾ 30ರಷ್ಟು ಅಧಿಕ ನೀರು ಹೊರಹೋಗುತ್ತದೆ.

ಮುಂದಿನ ಹೆಜ್ಜೆ, ಗೋಡೆಯನ್ನೇ ಅಂಕುಡೊಂಕಾಗಿ ಮಡಿಸುವುದು. ಅಮೆರಿಕದ ನ್ಯೂ ಮೆಕ್ಸಿಕೋದ ಯೂಟ್ ಅಣೆಕಟ್ಟಿನಲ್ಲಿ 1980ರ ದಶಕದಲ್ಲಿ 256 ಮೀಟರ್ ಅಗಲದ ಜಾಗದಲ್ಲಿ 14 ಮಡಿಕೆಗಳಿಂದ 1,024 ಮೀಟರ್ ಉದ್ದದ ಕೋಡಿಯನ್ನು ಕಟ್ಟಿದರು. ಹಾಗೆಂದು ಹರಿವು ಸದಾ ನಾಲ್ಕು ಪಟ್ಟಾಗದು. ನೀರು ಏರಿದಂತೆ ಮಡಿಕೆಗಳ ಮೂಲೆಯಲ್ಲಿ ಧಾರೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಲಾಭ ಕುಗ್ಗುತ್ತದೆ. ಇದನ್ನೇ ಸುಧಾರಿಸಿದ 'ಪಿಯಾನೋ ಕೀ' ಕೋಡಿ 2006ರಲ್ಲಿ ಫ್ರಾನ್ಸಿನ ಗುಲೂರ್ ಅಣೆಕಟ್ಟಿನಲ್ಲಿ ಮೊದಲು ಬಳಕೆಗೆ ಬಂತು. ಇಕ್ಕಟ್ಟಾದ ನೆತ್ತಿಯ ಮೇಲೂ ಅದನ್ನು ಕೂರಿಸಬಹುದು.

ಆಕಾರ ಎಷ್ಟೇ ಚೆನ್ನಾಗಿದ್ದರೂ ಪ್ರವಾಹದ ಅಂದಾಜು ತಪ್ಪಿದರೆ ಉಪಯೋಗವಿಲ್ಲ. ಮೋರ್ಬಿ ಕಲಿಸಿದ ಪಾಠವಿದು. ನಮ್ಮ ದೇಶದಲ್ಲಿ 5,000ಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ, ಅವುಗಳಲ್ಲಿ ಹಲವು ಹಳೆಯವು. ಅವುಗಳ ಲೆಕ್ಕವನ್ನು ಮತ್ತೆ ಮಾಡಿ, ಕೋಡಿಗಳನ್ನು ತಿದ್ದುವ ಕೆಲಸ ಇಂದು ಗಣಿತ ಕಲಿಯುತ್ತಿರುವ ಮಕ್ಕಳಿಗಾಗಿ ಕಾದಿದೆ.